ಅಳತೆ ಪುಸ್ತಕದ ಹಿಂದಿನ ಹಾಳೆಗಳು: ನನ್ನ ಥೈರಾಯ್ಡ್, ನನ್ನ ಹೊಟ್ಟೆ

ಚಿಂತಾಮಣಿಯಲ್ಲಿ 12 ವರ್ಷದಿಂದ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೀದಿಯ ಹೆಂಗಸರ ಅಳತೆಯೆಲ್ಲಾ ನನ್ನ ಪುಸ್ತಕದಲ್ಲಿದೆ, ನನ್ನದೊಂದು ಬಿಟ್ಟು. ಒಂದು ಯುಗಾದಿಗೆ ನನಗೇ ಬ್ಲೌಸ್ ಹೊಲಿಯೋಣ ಅಂತ ಟೇಪ್ ಹಿಡಿದರೆ 34 ಇದ್ದದ್ದು 38 ಆಗಿದೆ! ತಿನ್ನೋದೇನೂ ಜಾಸ್ತಿಯಾಗಿರಲಿಲ್ಲ, ಒಂದೂವರೆ ಮುದ್ದೆಯಿಂದ ಒಂದಕ್ಕೆ ಇಳಿದಿದ್ದೆ. ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಏಪ್ರಿಲ್ ಬಿಸಿಲಲ್ಲೂ ಚಳಿ. ಮುಟ್ಟಾದರೆ ಎಂಟು ದಿನ ನಿಲ್ಲುತ್ತಿರಲಿಲ್ಲ. ಎಲ್ಲಕ್ಕಿಂತ ಕಷ್ಟ ಹೊಟ್ಟೆಯದು. ನಾಲ್ಕು ದಿನಕ್ಕೊಮ್ಮೆ ಹೋದರೆ ಪುಣ್ಯ, ಸಂಜೆ ಹೊತ್ತಿಗೆ ಹೊಟ್ಟೆ ತಮಟೆ ಥರ ಬಿಗಿದುಕೊಳ್ಳುತ್ತಿತ್ತು. ಇಂಥದ್ದನ್ನ ಯಾರ ಹತ್ತಿರ ಹೇಳಿಕೊಳ್ಳೋದು, ಅಲ್ವಾ?

ರಕ್ತ ಕೊಟ್ಟಾಗ ಟಿಎಸ್‌ಎಚ್ (ಥೈರಾಯ್ಡ್ ಸೋತಷ್ಟೂ ರಕ್ತದಲ್ಲಿ ಏರುವ ಹಾರ್ಮೋನು) 18 ಬಂತು. ಸಾಮಾನ್ಯವಾಗಿ 4ರ ಆಸುಪಾಸಿನೊಳಗೆ ಇರಬೇಕಾದದ್ದು. ಥೈರಾಯ್ಡ್ ವಿರುದ್ಧ ನಮ್ಮ ಮೈಯೇ ಮಾಡಿಕೊಳ್ಳುವ ಆಂಟಿ-ಟಿಪಿಒ ಅನ್ನೋ ಪ್ರತಿಕಾಯವೂ ಬಹಳ ಜಾಸ್ತಿ ಇತ್ತು. ಇದಕ್ಕೆ ಹಶಿಮೊಟೊ ಅಂತ ಹೆಸರು, 1912ರಲ್ಲಿ ಇದನ್ನು ಮೊದಲು ಬರೆದಿಟ್ಟ ಜಪಾನಿನ ಡಾಕ್ಟರ್ ಹೆಸರೇ ಅದು. ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬೀಳುತ್ತೆ. ಗ್ರಂಥಿ ಸೋತರೆ ಮೈಯೆಲ್ಲಾ ನಿಧಾನ, ಕರುಳೂ ನಿಧಾನ. ನನ್ನ ಹೊಟ್ಟೆ ಕಟ್ಟುತ್ತಿದ್ದದ್ದು ಅದಕ್ಕೇ ಅಂತ ಆಗ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಥೈರಾಯ್ಡಿಗೆ 50 ಮೈಕ್ರೋಗ್ರಾಂ ಮಾತ್ರೆ ಬರೆದುಕೊಟ್ಟರು, ರಕ್ತ ಕಮ್ಮಿ ಇದೆ ಅಂತ ಐರನ್, ಮಂಡಿನೋವಿಗೆ ಕ್ಯಾಲ್ಸಿಯಂ.

ಇಷ್ಟಾದ ಮೇಲೆ ಶುರುವಾಯಿತು ನೋಡಿ, ಅಂಗಡಿಗೆ ಬಂದವರ ಸಲಹೆ. ಕೋಸು ಮುಟ್ಟಬೇಡ. ಗೋಧಿ ಬಿಡು. ರಾಗಿ ತಿಂದರೆ ಥೈರಾಯ್ಡ್ ಏರುತ್ತೆ. ಅಯೋಡಿನ್ ಕಮ್ಮಿಯಾಗಿರೋದು, ಅದಕ್ಕೊಂದು ಪುಡಿ ಬರುತ್ತೆ ತರಿಸಿಕೊಡ್ತೀನಿ ಅಂತ ಒಬ್ಬರು. ನಾನು ಎಲ್ಲಾ ಕೇಳಿದೆ. ರಾಗಿ, ಗೋಧಿ, ಕೋಸು, ಕಡ್ಲೆಕಾಯಿ ಒಟ್ಟಿಗೇ ಬಿಟ್ಟು ಮೂರು ಹೊತ್ತೂ ಅನ್ನ ತಿಂದೆ. ಪುಡಿ ಒಂದನ್ನು ಮಾತ್ರ ದುಡ್ಡಿಲ್ಲದೆ ತಗೊಳ್ಳಲಿಲ್ಲ, ಅದೇ ಒಳ್ಳೇದಾಯಿತು: ಹಶಿಮೊಟೊ ಇರುವವರಿಗೆ ಅಯೋಡಿನ್ ಅತಿಯಾದರೆ ಕೆಡಬಹುದು, ಅಡುಗೆಗೆ ಹಾಕೋ ಮಾಮೂಲಿ ಅಯೋಡಿನ್ ಉಪ್ಪೇ ಸಾಕು ಅಂತ ಆಮೇಲೆ ತಿಳಿಯಿತು. ಬರೀ ಅನ್ನ ತಿಂದು ಹೊಟ್ಟೆ ಇನ್ನೂ ಕಟ್ಟಿತು. ನಮ್ಮತ್ತೆ ಒಂದು ದಿನ ತಟ್ಟೆ ನೋಡಿ, "ಮುದ್ದೆ ಬಿಟ್ಟು ಯಾವ ಸೀಮೆ ಪಥ್ಯನಮ್ಮಾ ಇದು" ಅಂದರು. ಸಿಟ್ಟು ಬಂತು. ಆದರೆ ಅವರು ಹೇಳಿದ್ದೇ ಸರಿ.

ಟಿಎಸ್‌ಎಚ್ ಇಳಿಯಲೇ ಇಲ್ಲ. 50 ಹೋಗಿ 75 ಆಯಿತು, 75 ಹೋಗಿ 100. ಆಗ ಬೇರೆ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ರಿಪೋರ್ಟ್ ಪಕ್ಕಕ್ಕಿಟ್ಟು, ಬೆಳಗ್ಗೆ ಮಾತ್ರೆ ಹೇಗೆ ತಗೋತೀರಾ ತೋರಿಸಿ ಅಂದರು. ಬ್ಯಾಗಿಂದ ತೆಗೆದು ಅಂಗೈಯಲ್ಲಿ ಸಾಲಾಗಿ ಇಟ್ಟೆ: ಥೈರಾಯ್ಡಿನ ಸಣ್ಣ ಬಿಳಿಯದು, ಕೆಂಪನೆಯ ಐರನ್, ಸೀಮೆಸುಣ್ಣದ ತುಂಡಿನಂಥ ಕ್ಯಾಲ್ಸಿಯಂ. ಮರೆತುಹೋಗುತ್ತೆ ಅಂತ ಮೂರನ್ನೂ ಒಟ್ಟಿಗೆ, ಕಾಫಿ ಜೊತೆ ನುಂಗುತ್ತಿದ್ದೆ. ಅವರಿಗೆ ನಗು ಬಂತು. "ನೀವು ನುಂಗಿದ ಥೈರಾಯ್ಡ್ ಮಾತ್ರೆನ ಐರನ್ನು ಕ್ಯಾಲ್ಸಿಯಂ ಸೇರಿ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ತಿವೆ, ರಕ್ತಕ್ಕೆ ಸೇರಬೇಕಲ್ವಾ?" ಕಾಫಿಯದೂ ಅದೇ ಕಥೆ, ಅದೂ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರಲು ಬಿಡಲ್ಲ.

ಒಂದು ವರ್ಷ ದುಡ್ಡು, ಮಾತ್ರೆ, ಪಥ್ಯ ಎಲ್ಲಾ ಸುಮ್ನೆ ಹೋಗಿತ್ತು.

ಅವತ್ತಿಂದ ಅಳತೆ ಪುಸ್ತಕದ ಹಿಂದಿನ ಹಾಳೆಗಳು ನನಗೇ ಮೀಸಲು. ಬೆಳಗ್ಗೆ 5.30ಕ್ಕೆ ಬಿಳಿ ಮಾತ್ರೆ, ಬರೀ ನೀರಲ್ಲಿ. ಕಾಫಿ 6.30ಕ್ಕೆ. ಆ ಒಂದು ಗಂಟೆ ಕಳೆಯೋದೇ ಕಷ್ಟ, ಅದಕ್ಕೆ ಆಗ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬೀದಿ ತುದಿವರೆಗೂ ನಡೆದು ಬರುತ್ತೇನೆ. ಐರನ್ 11 ಗಂಟೆಗೆ ಅಂಗಡಿಯಲ್ಲಿ, ನಿಂಬೆಹಣ್ಣಿನ ನೀರಿನ ಜೊತೆ. ಕ್ಯಾಲ್ಸಿಯಂ ರಾತ್ರಿ ಊಟ ಆದಮೇಲೆ. ಬಿಳಿ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆಯಾದರೂ ಅಂತರ ಇರಬೇಕು. ಹಾಲು ಹಾಕಿದ ರಾಗಿ ಮಾಲ್ಟ್ ಮಾತ್ರೆ ಆದ ತಕ್ಷಣ ಕುಡಿಯೋರು ತುಂಬಾ ಜನ ಇದ್ದಾರೆ, ಅವರೂ ಇದನ್ನು ಗಮನಿಸಿ. 100 ಗ್ರಾಂ ರಾಗಿಯಲ್ಲೇ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ರಾಗಿ ಒಳ್ಳೇದೇ, ಆ ಹೊತ್ತು ಮಾತ್ರ ಬೇಡ.

ಇಲ್ಲಿ ಒಂದು ಎಡವಟ್ಟು ಆಯಿತು. ಐದಾರು ವಾರಕ್ಕೆ ಎದೆ ಡವಡವ, ಕೈ ನಡುಕ, ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ದಿನಕ್ಕೆ ಮೂರು ಸಲ ಭೇದಿ. ಮೊದಲೆರಡು ದಿನ ಹೊಟ್ಟೆ ಸರಿಹೋಯಿತು ಅಂತ ಖುಷಿಪಟ್ಟಿದ್ದೆ! ನೋಡಿದರೆ ಟಿಎಸ್‌ಎಚ್ 0.1. ಮೈಗೆ ಸೇರದೆ ಇದ್ದಾಗ ಏರಿಸಿದ್ದ 100ರ ಡೋಸ್ ಈಗ ಪೂರ್ತಿ ಸೇರುತ್ತಿತ್ತಲ್ಲ. 75ಕ್ಕೆ ಇಳಿಸಿದರು. ನೀವೂ ಹೀಗೆ ಹೊತ್ತು ಬದಲಾಯಿಸಿದರೆ ಡಾಕ್ಟರ್‌ಗೆ ಹೇಳಿ, 6ರಿಂದ 8 ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಗೋತಿದ್ದರೆ ಅದನ್ನೂ ಮೊದಲೇ ಹೇಳಿಬಿಡಿ, ರಿಪೋರ್ಟನ್ನೇ ಅದು ತಪ್ಪು ತೋರಿಸುವಂತೆ ಮಾಡಬಹುದು.

ಗೋಧಿ ವಿಷಯ. ಬಿಟ್ಟಾಗ ಹೊಟ್ಟೆ ಉಬ್ಬರ ಸ್ವಲ್ಪ ಕಮ್ಮಿಯಾದಂತೆ ಅನ್ನಿಸಿತ್ತು. ಹಶಿಮೊಟೊ ಇರುವವರಲ್ಲಿ ಗೋಧಿ ಆಗದಿರುವ ಸೀಲಿಯಾಕ್ ಕಾಯಿಲೆ ಬೇರೆಯವರಿಗಿಂತ ಜಾಸ್ತಿ ಕಾಣುತ್ತೆ ನಿಜ. ಆದರೆ ಅದಕ್ಕೆ ರಕ್ತ ಪರೀಕ್ಷೆ ಇದೆ, ಆ ಪರೀಕ್ಷೆ ಸರಿಯಾಗಿ ಬರಬೇಕಾದರೆ ಕೆಲವು ವಾರ ಗೋಧಿ ತಿನ್ನುತ್ತಲೇ ಇರಬೇಕು. ಡಾಕ್ಟರಮ್ಮ ಮತ್ತೆ ಚಪಾತಿ ತಿನ್ನಿಸಿ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಹಾಗಾದರೆ ಯಾವುದು? ಒಂದೊಂದನ್ನೇ ಎರಡೆರಡು ವಾರ ಬಿಟ್ಟು ಬರೆದುಕೊಳ್ಳುತ್ತಾ ಹೋದೆ. ಸಿಕ್ಕಿಬಿದ್ದದ್ದು ಹಾಲು, ಅದೂ ರಾತ್ರಿ ಮಲಗುವಾಗ ಕುಡಿಯುತ್ತಿದ್ದ ಒಂದು ಲೋಟ. ಮಜ್ಜಿಗೆ, ಮೊಸರು ಆಗುತ್ತೆ. ಕೋಸು ಬೇಯಿಸಿ ವಾರಕ್ಕೊಮ್ಮೆ ತಿನ್ನುತ್ತೇನೆ, ಏನೂ ಆಗಿಲ್ಲ.

ಮುದ್ದೆ ವಾಪಸ್ ಬಂತು, ಅದರ ಜೊತೆ ಬಸ್ಸಾರು. ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಬಸಿದ ಸೊಪ್ಪು ಕಾಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಲ್ಲಿ ನಾರು, ಬೇಳೆ, ಬಿಸಿ ನೀರು ಎಲ್ಲಾ ಬಂತು. ಹೊಟ್ಟೆ ಕಟ್ಟಿದಾಗ ತಗೊಳ್ಳುತ್ತಿದ್ದ ಇಸಬ್‌ಗೋಲ್ ಡಬ್ಬಿ ಈಗ ಶೆಲ್ಫಿನ ಮೇಲೆ ಧೂಳು ಹಿಡಿದಿದೆ.

ಇನ್ನೊಂದು ವಿಷಯ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನಮ್ಮ ಅಂಗಡಿಗೆ ಟಾಯ್ಲೆಟ್ ಇಲ್ಲ. ಅದಕ್ಕೆ ಬೆಳಗ್ಗೆಯಿಂದ ಸಂಜೆವರೆಗೂ ನಾನು ನೀರೇ ಕುಡಿಯುತ್ತಿರಲಿಲ್ಲ. ಮಿಷನ್ ಮುಂದೆ ಎಂಟು ಗಂಟೆ ಕೂತು, ನೀರೂ ಕುಡಿಯದೆ, ನಾರು ತಿಂದು ಏನು ಪ್ರಯೋಜನ? ಎದುರು ಮನೆ ಅಕ್ಕನ ಹತ್ತಿರ ಮಾತಾಡಿಕೊಂಡೆ, ಅವರ ಬಾತ್‌ರೂಮ್ ನನಗೆ, ಎರಡು ತಿಂಗಳಿಗೊಂದು ಬ್ಲೌಸ್ ಅವರಿಗೆ. ನನ್ನ ಪಥ್ಯದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಒಪ್ಪಂದ ಅಂತಲೇ ನನಗೆ ಅನ್ನಿಸುತ್ತೆ.

ಅಳತೆ ಈಗ 36. 34 ಮತ್ತೆ ಬರಲ್ಲ, ಬರಲಿ ಅಂತ ಆಸೆಯೂ ಇಲ್ಲ. ಮಾತ್ರೆ ನಿಲ್ಲಿಸಿಲ್ಲ, ಬಸ್ಸಾರು ತಿಂದು ಗ್ರಂಥಿ ವಾಪಸ್ ಬರಲ್ಲ. ಆದರೆ ಮಧ್ಯಾಹ್ನ ಬಟ್ಟೆ ರಾಶಿ ಮೇಲೆ ತಲೆಯಿಟ್ಟು ಅಳುತ್ತಿದ್ದದ್ದು ನಿಂತಿದೆ. ನನ್ನ ಪಥ್ಯಕ್ಕೆ ಸೋಲದೆ ಇರೋದು ಅವರೆಕಾಯಿ ಕಾಲ ಒಂದೇ. ಡಿಸೆಂಬರಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ಹೊಟ್ಟೆ ಉಬ್ಬೇ ಉಬ್ಬುತ್ತೆ, ಪುಸ್ತಕದಲ್ಲಿ ಮೂರು ವರ್ಷವೂ ಹಾಗೇ ಬರೆದಿದ್ದೇನೆ. ರಾತ್ರಿ ಬದಲು ಮಧ್ಯಾಹ್ನ ತಿನ್ನುತ್ತೇನೆ, ಅಷ್ಟೇ.