ಜ್ಯಾಕ್ ಪ್ಲೇಟ್ ಕೊಳ್ಳುವ ಮೊದಲು ನೀರಿನ ಕ್ಯಾನು ಹೊತ್ತೆ

ದೋಣಿಯ ಹಿಂಗೋಡೆಗೂ ಅದಕ್ಕೆ ತೂಗುಹಾಕಿದ ಎಂಜಿನ್ನಿಗೂ ನಡುವೆ ಕೂತು, ಎಂಜಿನ್ನನ್ನು ಹಿಂದಕ್ಕೆ ಸರಿಸಿ ಮೇಲೆ-ಕೆಳಗೆ ಮಾಡಲು ಬಿಡುವ ಚೌಕಟ್ಟೇ ಜ್ಯಾಕ್ ಪ್ಲೇಟ್. ಬೋಲ್ಟ್ ಸಡಿಲಿಸಿ ಎತ್ತರ ಬದಲಿಸುವ ಸಾದಾ ಪ್ಲೇಟನ್ನೇ ಮೂರು ವರ್ಷ ಬಳಸಿದೆ. ಒಂದೇ ಬಗೆಯ ನೀರಿನಲ್ಲಿ ಓಡಾಡುವವರಿಗೆ ಅದು ಧಾರಾಳ ಸಾಕು. ನನ್ನ ದಾರಿಯಲ್ಲಿ ಆಳದ ನೀರೂ ಇತ್ತು, ಮೊಣಕಾಲು ಮುಳುಗದ ನೀರೂ ಇತ್ತು. ಅಲ್ಲಿ ಎಂಜಿನ್ನನ್ನು ಟ್ರಿಮ್‌ನಿಂದ (ಎಂಜಿನ್ನನ್ನು ವಾಲಿಸುವ ವ್ಯವಸ್ಥೆ) ಓರೆಯಾಗಿ ಎತ್ತಿದರೆ ದೋಣಿಯ ಮೂತಿ ಏಳುತ್ತದೆ, ಹಿಂಭಾಗ ಕುಸಿಯುತ್ತದೆ. ಓಡುತ್ತಿರುವಾಗಲೇ ನೇರವಾಗಿ ಮೇಲೆತ್ತಲೆಂದು, ಪಂಪಿನ ಎಣ್ಣೆಯ ಒತ್ತಡದಿಂದ ಏರಿಳಿಯುವ ಹೈಡ್ರಾಲಿಕ್ ಪ್ಲೇಟ್ ಹುಡುಕತೊಡಗಿದೆ.

ಮೊದಲು ನಾನು ನೋಡಿದ್ದು ಪ್ಲೇಟ್ ಎಷ್ಟು ಅಶ್ವಶಕ್ತಿಯ ಎಂಜಿನ್ನಿಗೆ ಎಂಬ ಅಂಕಿ ಒಂದನ್ನೇ. ಅದು ಅರ್ಧ ಲೆಕ್ಕ. ಪ್ಲೇಟ್ ಹೊರಬೇಕಾದದ್ದು ತೂಕವನ್ನು. ಅಷ್ಟೇ ಅಶ್ವಶಕ್ತಿಯ ಹಳೆಯ ಟೂ-ಸ್ಟ್ರೋಕ್‌ಗಿಂತ ಫೋರ್-ಸ್ಟ್ರೋಕ್ ಎಂಜಿನ್ ಸಾಮಾನ್ಯವಾಗಿ ಭಾರ.

ತಲೆ ಕೆಡಿಸಿದ್ದು ಮಾತ್ರ ಎಂಜಿನ್ ಎಷ್ಟು ಹಿಂದಕ್ಕೆ ಸರಿಯಬೇಕು ಎಂಬ ಪ್ರಶ್ನೆ. 4ರಿಂದ 12 ಇಂಚಿನವರೆಗೆ ಪ್ಲೇಟುಗಳಿವೆ. ಹಿಂದಕ್ಕೆ ಹೋದಷ್ಟೂ ಪ್ರೊಪೆಲ್ಲರಿಗೆ ಕಲಕದ ನೀರು ಸಿಗುತ್ತದೆ, ಎಂಜಿನ್ನನ್ನು ಇನ್ನಷ್ಟು ಎತ್ತಬಹುದು. ಆಸೆಯಿಂದ 10 ಇಂಚಿನದನ್ನೇ ಕೊಳ್ಳಲು ಹೊರಟಿದ್ದೆ. ಕೊನೆಗಳಿಗೆಯಲ್ಲಿ ಲೆಕ್ಕ ಹಾಕಿದೆ: 200 ಕಿಲೋ ಎಂಜಿನ್ ಕಾಲು ಮೀಟರ್ ಹಿಂದೆ ಸರಿದರೆ, ದೋಣಿಯ ಗುರುತ್ವ ಕೇಂದ್ರದಿಂದ ಎರಡು ಮೀಟರ್ ದೂರದ ಹಿಂಗೋಡೆಯಲ್ಲಿ 25 ಕಿಲೋ ಹೆಚ್ಚಿಗೆ ಇಟ್ಟಂತೆ. ಪ್ಲೇಟಿನ ತೂಕವೂ ಸೇರಿ ಸುಮಾರು 50 ಕಿಲೋ. ಇಪ್ಪತ್ತೈದು ಲೀಟರಿನ ಎರಡು ಕ್ಯಾನುಗಳಿಗೆ ನೀರು ತುಂಬಿ ಹಿಂಗೋಡೆಗೆ ಒರಗಿಸಿ ಕಟ್ಟಿ ಹೊರಟೆ. ನಿಂತಾಗ ಹಿಂಭಾಗ ಕಾಣುವಷ್ಟು ತಗ್ಗಿತು. ವೇಗ ಹಿಡಿದ ಮೇಲೆ ಮೂತಿ ಮೀನಿನಂತೆ ಎದ್ದು ಬಿದ್ದು ಕುಣಿಯಿತು. ಬೆನ್ನು ನೋವಿನ ಜೊತೆಗೆ ಉತ್ತರವೂ ಸಿಕ್ಕಿತು. 6 ಇಂಚಿನದನ್ನು ತಂದೆ.

ಪಂಪ್ ಪ್ಲೇಟಿನೊಳಗೇ ಇರುವ ಮಾದರಿಯಲ್ಲಿ ಕೊಳವೆಗಳ ರಗಳೆ ಕಡಿಮೆ. ಆದರೂ ಉಪ್ಪುನೀರಿನ ಭಯಕ್ಕೆ, ಪಂಪನ್ನು ಒಳಗೆ ಒಣ ಜಾಗದಲ್ಲಿ ಇಡಬಹುದಾದ ಮಾದರಿಯನ್ನು ಆರಿಸಿದೆ. ಜೋಡಿಸಿದ ಮೇಲೆ ಪ್ಲೇಟನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಓಡಿಸಿ, ಎರಡೂ ತುದಿಯಲ್ಲಿ ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ನೋಡಿದೆ. ಇಂಧನದ ಕೊಳವೆ ಒಂದು ಮೂಲೆಯಲ್ಲಿ ತಂತಿಯಂತೆ ಬಿಗಿದಿತ್ತು, ಉದ್ದದ್ದನ್ನು ಹಾಕಬೇಕಾಯಿತು.

ಎಂಜಿನ್ನನ್ನು ತಂಪು ಮಾಡುವ ನೀರಿನ ಒತ್ತಡ ತೋರಿಸುವ ಗೇಜನ್ನು ಹಾಕಿಸಿದ್ದು ಗೆಳೆಯನ ಒತ್ತಾಯಕ್ಕೆ. ಮೊದಲ ದಿನ ಗುಂಡಿ ಒತ್ತುತ್ತಾ ಹೋದಂತೆ ವೇಗ ಏರಿತು, ನನಗೆ ಹುರುಪು. ಅಷ್ಟರಲ್ಲಿ ಒತ್ತಡದ ಮುಳ್ಳು ಇಳಿಯತೊಡಗಿತು. ಇನ್ನೂ ಸ್ವಲ್ಪ ಎತ್ತಿದ್ದೇ ತಡ, ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಎಂಜಿನ್ ಬರಿದೇ ಅಬ್ಬರಿಸಿತು. ತಂಪು ಮಾಡುವ ನೀರು ಒಳಹೋಗುವ ರಂಧ್ರ ಮೇಲೆ ಬಂದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ; ಮುಳ್ಳಿಲ್ಲದಿದ್ದರೆ ನನಗೆ ಅದು ತಡವಾಗಿ ತಿಳಿಯುತ್ತಿತ್ತು. ಮುಳ್ಳು ಇಳಿಯತೊಡಗಿದ ಎತ್ತರಕ್ಕಿಂತ ಅರ್ಧ ಇಂಚು ಕೆಳಗಿನ ಮಟ್ಟಕ್ಕೆ ಪ್ಲೇಟಿನ ಎತ್ತರ ತೋರಿಸುವ ಪೊಸಿಷನ್ ಗೇಜಿನ ಗಾಜಿನ ಮೇಲೆ ಬಿಳಿ ಗೆರೆ ಎಳೆದಿದ್ದೇನೆ. ಹೊರಡುವಾಗಲೂ ಜೋರು ತಿರುವಿನಲ್ಲೂ ಆ ಗೆರೆಗಿಂತ ತುಂಬಾ ಕೆಳಗೇ ಇರುತ್ತೇನೆ.