ದಾವಣಗೆರೆಗೆ ಹೊಸದಾಗಿ ಬಂದವರಿಗೆ: ಕ್ಯಾಂಪರ್ ವ್ಯಾನನ್ನು ಆಪತ್ತಿಗೆ ಸಜ್ಜಾಗಿಡುವುದು

ವರ್ಗವಾಗಿಯೋ ಹೊಸ ಕೆಲಸ ಹಿಡಿದೋ ದಾವಣಗೆರೆಗೆ ಬರುವ ಕೆಲವು ಕುಟುಂಬಗಳ ಬಳಿ ಹಾಸಿಗೆ, ಒಲೆ, ಹೆಚ್ಚುವರಿ ಬ್ಯಾಟರಿ ಕೂರಿಸಿದ ಕ್ಯಾಂಪರ್ ವ್ಯಾನ್ ಇರುತ್ತದೆ. ಈಕೋ, ಟೆಂಪೊ ಟ್ರಾವೆಲರ್‌ನಂಥ ಗಾಡಿಯನ್ನೇ ಹಾಗೆ ಮಾಡಿಸಿಕೊಂಡವರೂ ಇದ್ದಾರೆ. ಪ್ರವಾಸಕ್ಕೆಂದು ಕೊಂಡ ಗಾಡಿ ವರ್ಷದ ಬಹುಪಾಲು ದಿನ ಮನೆ ಮುಂದೆ ನಿಂತೇ ಇರುತ್ತದೆ. ಅದನ್ನು ಸರಿಯಾಗಿ ಸಜ್ಜುಗೊಳಿಸಿದರೆ ಸ್ವಂತ ನೀರು, ಬೆಳಕು, ಅಡುಗೆ ವ್ಯವಸ್ಥೆ ಇರುವ ಇನ್ನೊಂದು ಕೋಣೆ ನಿಮ್ಮದಾಗುತ್ತದೆ.

ಆಪತ್ತು ಅಂದ ಕೂಡಲೇ ಗಾಡಿ ಹತ್ತಿ ಊರು ಬಿಡಬೇಕೆಂದೇನಿಲ್ಲ. ನಮ್ಮ ಜಿಲ್ಲೆಯಲ್ಲೂ ಪಕ್ಕದ ಚಿತ್ರದುರ್ಗದಲ್ಲೂ ಹೆಚ್ಚಾಗಿ ಕೈಕೊಡುವುದು ನೀರು ಮತ್ತು ಕರೆಂಟು. ಊರಿಗೆ ನೀರು ಬರುವುದು ತುಂಗಭದ್ರೆಯಿಂದ, ಪೈಪ್‌ಲೈನ್‌ನಲ್ಲಿ. ಪೈಪು ಒಡೆದರೆ, ಪಂಪ್‌ಹೌಸ್‌ಗೆ ಕರೆಂಟು ಹೋದರೆ ನಲ್ಲಿ ನೀರಿನ ಸರದಿ ಮುಂದಕ್ಕೆ ಹೋಗುತ್ತದೆ. ಅಂಥ ದಿನಗಳಲ್ಲಿ ಗಾಡಿ ನಿಂತಲ್ಲೇ ನಿಂತು ಮನೆಯನ್ನು ಸಾಕಬೇಕು. ಬಿಟ್ಟು ಹೊರಡಬೇಕಾದ ಸಂದರ್ಭ ಮುಖ್ಯವಾಗಿ ನದಿ ದಂಡೆಯ ಹೊನ್ನಾಳಿ, ಹರಿಹರದ ಕಡೆ ಮನೆ ಮಾಡಿದವರಿಗೆ. ಆ ವಿಷಯ ಕೊನೆಯಲ್ಲಿದೆ.

ನೀರು

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ಇಟ್ಟುಕೊಳ್ಳಿ. ನಾಲ್ಕು ಜನರ ಮನೆಗೆ ಮೂರು ದಿನಕ್ಕೆ 60 ಲೀಟರ್, ಅಂದರೆ 20 ಲೀಟರಿನ ಮೂರು ಕ್ಯಾನು. ಕೈಕಾಲು, ಪಾತ್ರೆ ತೊಳೆಯಲು ಬೇರೆ ಟ್ಯಾಂಕಿನಲ್ಲಿ ಇನ್ನೊಂದು 60 ರಿಂದ 80 ಲೀಟರ್ ಇರಲಿ. ಅಲ್ಲಿಗೇ ಸುಮಾರು 130 ಕೆ.ಜಿ. ಭಾರವಾಯಿತು. ಆದ್ದರಿಂದ ಟ್ಯಾಂಕು, ಕ್ಯಾನುಗಳು ನೆಲಮಟ್ಟದಲ್ಲಿ, ಎರಡು ಆಕ್ಸೆಲ್‌ಗಳ ನಡುವೆ, ಬೆಲ್ಟು ಬಿಗಿದು ಕೂತಿರಬೇಕು. ಬಿಗಿಯದ 20 ಲೀಟರ್ ಕ್ಯಾನು ಗಟ್ಟಿ ಬ್ರೇಕ್ ಹಾಕಿದಾಗ ಮುಂದಿನ ಸೀಟಿನವರ ಬೆನ್ನಿಗೆ ಬಂದು ಬಡಿಯುತ್ತದೆ.

ಕುಡಿಯುವ ನೀರನ್ನು ಬೋರ್‌ವೆಲ್‌ನಿಂದ ತುಂಬಿಸಬೇಡಿ. ಚಿತ್ರದುರ್ಗ ಜಿಲ್ಲೆಯ ಮತ್ತು ಜಗಳೂರು ಸೀಮೆಯ ಹಲವು ಬೋರ್‌ಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಾಢವಾಗುತ್ತದೆ. ಬ್ಲೀಚಿಂಗ್ ಪೌಡರಿಗೂ ಅದು ಜಗ್ಗದು. ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೋಗಿ ನಾಣ್ಯ ಹಾಕಿ ಹಿಡಿದು ತನ್ನಿ. ಕ್ಯಾನನ್ನು ಬಿಸಿಲು ಬೀಳದ ಕಡೆ ಇಟ್ಟು, 15 ದಿನಕ್ಕೊಮ್ಮೆ ಹಳೆಯದನ್ನು ಗಿಡಕ್ಕೆ ಹಾಕಿ ಹೊಸದು ತುಂಬಿ. ಬಿಸಿಲಿಗಿಟ್ಟ ಕ್ಯಾನಿನೊಳಗೆ ಪಾಚಿ ಹಸಿರುಗಟ್ಟುತ್ತದೆ.

ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ಶುದ್ಧಿ ಮಾಡಿ. 100 ಲೀಟರಿನ ಟ್ಯಾಂಕಿಗೆ 20 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಲ್ಲಿ ಕಲಸಿ, ಸುಣ್ಣದ ಗಷ್ಟು ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಪೂರ್ತಿ ನೀರು ತುಂಬಿ. ಗಾಡಿಯೊಳಗಿನ ನಲ್ಲಿಯಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ನೀರು ಬಿಟ್ಟು ನಿಲ್ಲಿಸಿ. ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ, ಎರಡು ಸಲ ತೊಳೆಯಿರಿ. ಗಷ್ಟನ್ನೂ ಸುರಿದರೆ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ.

ಕರೆಂಟು

ಇಲ್ಲೇ ಲೆಕ್ಕ ತಪ್ಪುವವರು ಹೆಚ್ಚು. 12.8 ವೋಲ್ಟಿನ 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ 1280 ವ್ಯಾಟ್ ಅವರ್ ಇರುತ್ತದೆ. ಕೈಗೆ ಸಿಗುವುದು ಸುಮಾರು 1000 ಎಂದಿಟ್ಟುಕೊಳ್ಳಿ. ಮನೆ ಯುಪಿಎಸ್‌ಗೆ ಹಾಕುವ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯ ಚೀಟಿಯಲ್ಲಿ ಅಂಕಿ ದೊಡ್ಡದಿದ್ದರೂ, ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಷ್ಯ ಬೇಗ ತೀರುತ್ತದೆ. ಹಾಗಾಗಿ ಅದರಿಂದ ಸಿಗುವುದು 900 ಮಾತ್ರ.

ಈಗ ಖರ್ಚು ನೋಡಿ, ಎಲ್ಲವೂ ವ್ಯಾಟ್ ಅವರ್ ಲೆಕ್ಕದಲ್ಲಿ. ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ರಾತ್ರಿ ಹತ್ತು ಗಂಟೆ ತಿರುಗಿದರೆ 300. ಎರಡು 9 ವ್ಯಾಟಿನ ಎಲ್‌ಇಡಿ ಐದು ಗಂಟೆಗೆ 90. ನಾಲ್ಕು ಮೊಬೈಲಿಗೆ 60. ವೈಫೈ ರೂಟರಿಗೆ ಅರ್ಧ ದಿನಕ್ಕೆ 120. ಒಟ್ಟು 570; ಇನ್ವರ್ಟರ್ ತಿನ್ನುವುದು ಸೇರಿ 650 ಆದೀತು. 12 ವೋಲ್ಟಿನ ಚಿಕ್ಕ ಫ್ರಿಜ್ ಒಂದೇ ದಿನಕ್ಕೆ 500ರ ಹತ್ತಿರ ಎಳೆಯುತ್ತದೆ. ಆದ್ದರಿಂದ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರಷ್ಟೇ ಅದನ್ನು ಓಡಿಸಿ, ಒಳಗೆ 2 ರಿಂದ 8 ಡಿಗ್ರಿ ಇದೆಯೇ ಎಂದು ಥರ್ಮಾಮೀಟರ್ ಇಟ್ಟು ನೋಡಿ. ಹಾಲು, ಮೊಸರಿಗೆಂದು ಬ್ಯಾಟರಿ ಕರಗಿಸುವುದು ಬೇಡ. ಇಂಡಕ್ಷನ್ ಒಲೆಯ ಮಾತನ್ನಂತೂ ಮರೆತುಬಿಡಿ.

ಮಾಡಿನ ಮೇಲಿನ 200 ವ್ಯಾಟಿನ ಸೋಲಾರ್ ಪ್ಯಾನೆಲ್ ಮಾರ್ಚ್, ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 800ರ ಆಸುಪಾಸು ಕೊಡುತ್ತದೆ. ಮುಂಗಾರಿನ ಮೋಡ ಕವಿದಾಗ ಅದರ ಕಾಲುಭಾಗವೂ ಸಿಗದ ದಿನಗಳಿವೆ. ನದಿಗೆ ನೆರೆ ಬರುವುದೂ ಆಗಲೇ. ಆದ್ದರಿಂದ ಸೋಲಾರ್ ಒಂದನ್ನೇ ನಂಬದೆ, ಇಂಜಿನ್ನಿನಿಂದ ಚಾರ್ಜ್ ಆಗುವ 30 ಆಂಪಿಯರಿನ ಡಿಸಿ–ಡಿಸಿ ಚಾರ್ಜರ್ ಹಾಕಿಸಿ. ಒಂದು ಗಂಟೆ ಗಾಡಿ ಓಡಿದರೆ ಮುನ್ನೂರೈವತ್ತರಷ್ಟು ತುಂಬುತ್ತದೆ.

1000 ವ್ಯಾಟಿನ ಇನ್ವರ್ಟರ್ 12 ವೋಲ್ಟಿನಲ್ಲಿ 100 ಆಂಪಿಯರಿನಷ್ಟು ಎಳೆಯುತ್ತದೆ. ಅದಕ್ಕೆ ಒಂದೂವರೆ ಮೀಟರ್ ಮೀರದ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಬೇಕು. ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 125 ಆಂಪಿಯರ್ ಫ್ಯೂಸ್ ಇರಬೇಕು. ಕೇಬಲ್ ತುದಿಗೆ ಹಾಕುವ ಲೋಹದ ಲಗ್ಗನ್ನು ಕ್ರಿಂಪಿಂಗ್ ಯಂತ್ರದಲ್ಲೇ ಒತ್ತಿಸಿ. ಸುತ್ತಿಗೆಯಲ್ಲಿ ಬಡಿದ ಲಗ್ಗು ಮೊದಲು ಬೆಚ್ಚಗಾಗಿ, ಆಮೇಲೆ ಅದರ ಬುಡದ ಪ್ಲಾಸ್ಟಿಕ್ ಕಂದಿ ಮೆತ್ತಗಾಗುತ್ತದೆ. ಬ್ಯಾಟರಿ ತುಂಬಿದ್ದರೂ ಮಿಕ್ಸಿ ಹಾಕಿದೊಡನೆ ಇನ್ವರ್ಟರ್ ಕೀಂಗುಟ್ಟಿದರೆ ಮೊದಲು ಮುಟ್ಟಿ ನೋಡಬೇಕಾದ್ದು ಅದನ್ನೇ.

ಗಾಡಿಯ ಇನ್ವರ್ಟರಿನಿಂದ ವೈರ್ ಎಳೆದು ಮನೆಯ ಸಾಕೆಟ್ಟಿಗೆ ಎಂದೂ ಚುಚ್ಚಬೇಡಿ. ಆ ಕರೆಂಟು ಮೀಟರ್ ದಾಟಿ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹರಿದು, ಅಲ್ಲಿ ಹೈ ಓಲ್ಟೇಜ್ ಆಗಿ, ಕಂಬದ ಮೇಲೆ ನಿಮಗಾಗಿಯೇ ದುರಸ್ತಿ ಮಾಡುತ್ತಿರುವ ಲೈನ್‌ಮನ್ ಜೀವ ತೆಗೆಯುತ್ತದೆ. ಮನೆಗೇ ಕೊಡಬೇಕೆಂದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದ, ಒಮ್ಮೆಗೆ ಲೈನ್ ಇಲ್ಲವೇ ಇನ್ವರ್ಟರ್ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಇಲ್ಲವಾದರೆ ಎಕ್ಸ್‌ಟೆನ್ಷನ್ ಬೋರ್ಡಿನಿಂದ ನೇರ ಫ್ಯಾನಿಗೆ, ಲೈಟಿಗೆ ಕೊಡಿ.

ಅಡುಗೆ, ಊಟ, ಶೌಚ

5 ಕೆ.ಜಿ. ಸಿಲಿಂಡರ್ ಸಾಕು. ಚಿಕ್ಕ ಬರ್ನರ್ ಗಂಟೆಗೆ ಸುಮಾರು 150 ಗ್ರಾಂ ಉರಿಸುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಗಾಡಿಯ ನೆಲದಲ್ಲಿ ಕೆರೆಯಂತೆ ನಿಂತುಬಿಡುತ್ತದೆ, ಮೇಲಿನ ಕಿಟಕಿ ತೆರೆದರೆ ಹೋಗದು. ಹಾಗಾಗಿ ಒಲೆ ಹೊರಗೆ ಹಚ್ಚಿ, ಸಿಲಿಂಡರನ್ನೂ ಬಳಸದ ದಿನಗಳಲ್ಲಿ ಗಾಡಿಯಲ್ಲಿಡಬೇಡಿ. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಗಾಡಿಯೊಳಗೆ ಬಿಸಿ 50 ಡಿಗ್ರಿ ದಾಟುತ್ತದೆ. ಔಷಧಿಗೂ ಅದೇ ಮಾತು: ಅದನ್ನು ಮನೆಯಲ್ಲೇ ಒಂದು ಚೀಲದಲ್ಲಿಟ್ಟು, ಹೊರಡುವಾಗ ಎತ್ತಿಕೊಳ್ಳಿ. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದು, ಗಾಡಿಯೊಳಗೆ ಇದ್ದಿಲು ಹಚ್ಚುವುದು ಎರಡೂ ಕಾರ್ಬನ್ ಮಾನಾಕ್ಸೈಡಿನಿಂದ ನಿದ್ದೆಯಲ್ಲೇ ಸಾಯುವ ದಾರಿ. ಅದಕ್ಕೆ ವಾಸನೆಯಿಲ್ಲ. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಎತ್ತರದಲ್ಲಿ ಅಂಟಿಸಿ.

ಒಲೆಯನ್ನೇ ಹಚ್ಚದ ಊಟಕ್ಕೆ ಈ ಊರಿಗಿಂತ ಒಳ್ಳೆಯ ಜಾಗ ಸಿಗದು. ಇಲ್ಲಿನ ಮಂಡಕ್ಕಿ, ಜೊತೆಗೆ ಅವಲಕ್ಕಿ, ಪುಟಾಣಿ, ಶೇಂಗಾ, ಬೆಲ್ಲ, ರಾಗಿ ಹುರಿಹಿಟ್ಟು ಗಾಳಿಯಾಡದ ಡಬ್ಬಿಗಳಲ್ಲಿರಲಿ. ಮಂಡಕ್ಕಿ ಹಗುರ, ಆದರೆ ಜಾಗ ತಿನ್ನುತ್ತದೆ, ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲದು. ಬೆಲ್ಲ ಹಾಕಿ ಕಲಸಿದ ಹುರಿಹಿಟ್ಟು ವಯಸ್ಸಾದವರಿಗೂ ಮಕ್ಕಳಿಗೂ ಹೊಂದುತ್ತದೆ.

ನೀರಿಲ್ಲದಾಗ ಮೊದಲು ಕಷ್ಟವಾಗುವುದು ಶೌಚಾಲಯ. ಮುಚ್ಚಳವಿರುವ 20 ಲೀಟರಿನ ಬಕೆಟ್, ಒಳಗೆ ಎರಡು ಪದರ ದಪ್ಪ ಚೀಲ, ಪ್ರತಿ ಸಲ ಮೇಲೆ ಒಂದು ಬೊಗಸೆ ಮರದ ಹೊಟ್ಟು. ಅಕ್ಕಿ ಗಿರಣಿಯ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆಂದು ಅದನ್ನೇ ಹಾಕಿದರೆ ತೇವ ಹೀರುವುದಿಲ್ಲ. ಅದಕ್ಕೆ ಸಮಪಾಲು ಬೂದಿ ಬೆರೆಸಿ. ಮೂತ್ರಕ್ಕೆ ಬೇರೆ ಡಬ್ಬಿ ಇಟ್ಟರೆ ವಾಸನೆ ಬಹಳ ಕಡಿಮೆ.

ನಿಂತ ಗಾಡಿ ಕೆಡುವುದು

ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆರಿಸಿದರೆ ಬ್ಯಾಟರಿ ಸರಿಯಾಗಿ ತುಂಬದು. ಇಂಧನ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಬಾರದು: ಕರೆಂಟು ಇಲ್ಲದಾಗ ಬಂಕಿನ ಪಂಪೂ ನಿಲ್ಲಬಹುದು. ಟೈರಿನ ಬದಿಯ ನಾಲ್ಕಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ್ದು. ಮೇಲಿನ ಟ್ರೆಡ್ ಸವೆಯದೆ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರು ಭಾರ ಹೊತ್ತು ಬಿಸಿಲಲ್ಲಿ ಓಡಿದಾಗ ಸಿಡಿಯುವ ಅಪಾಯವಿದೆ. ಇಲಿ ವೈರ್ ಕಡಿಯುತ್ತದೆ: ತಿಂಡಿಯ ಚೂರು ಒಳಗೆ ಬಿಡಬೇಡಿ, ನೆಲದ ತೂತುಗಳಿಗೆ ಸ್ಟೀಲ್ ಜಾಲರಿ ಬಡಿಸಿ. ಹಾಸಿಗೆ, ಸಿಂಕು, ಗ್ಯಾಸ್ ಪೈಪನ್ನು ಕಾಯಂ ಆಗಿ ಕೂರಿಸಿದ್ದರೆ ಆ ಬದಲಾವಣೆ ಆರ್‌ಸಿಯಲ್ಲಿ ಬರಬೇಕು. ಆರ್‌ಟಿಒ ಒಪ್ಪಿಗೆಯಿಲ್ಲದಿದ್ದರೆ ವಿಮೆಯ ಹಣ ಕೇಳುವಾಗ ತಕರಾರು ಬರುತ್ತದೆ.

ಮೂತಿ ರಸ್ತೆ ಕಡೆಗಿರುವಂತೆ ನಿಲ್ಲಿಸಿ, ಹಳೇ ಮರದ ಕೆಳಗೆ, ಲೈನಿನ ಕೆಳಗೆ ಬೇಡ. ಚಿತ್ರದುರ್ಗದ ಗಾಳಿ ಜೋರು. ಗುಡ್ಡದ ಮೇಲೆ ಅಷ್ಟೊಂದು ವಿಂಡ್‌ಮಿಲ್ ನಿಂತಿರುವುದು ಅದಕ್ಕೇ. ಅಲ್ಲಿ ಆಷಾಢದಲ್ಲಿ ಗಾಡಿಯ ಪಕ್ಕದ ನೆರಳು ಪರದೆಯನ್ನು ಹರಡಿಯೇ ಬಿಟ್ಟು ಮಲಗಬೇಡಿ.

ಹೊರಡಲೇಬೇಕಾದಾಗ

ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರದಂಥ ತಗ್ಗಿನ ಬಡಾವಣೆಗಳಲ್ಲಿರುವವರು ತಮ್ಮ ಊರಿನ ಮಳೆ ನೋಡಿ ಕೂರಬಾರದು. ನೀರು ಬರುವುದು ಮೇಲಿನಿಂದ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಮುಂಗಾರಿನಲ್ಲಿ ಬೇಗ ತುಂಬಿ ಹೊರಬಿಡುತ್ತದೆ. ಲಕ್ಕವಳ್ಳಿಯ ಭದ್ರಾ 186 ಅಡಿಗೆ ತುಂಬಿ ಅಲ್ಲಿಂದಲೂ ಬಿಟ್ಟರೆ ಎರಡೂ ಕೂಡ್ಲಿಯಲ್ಲಿ ಸೇರಿ ಒಟ್ಟಿಗೆ ಇಳಿಯುತ್ತವೆ. ಎರಡೂ ಕಡೆ ಹೊರಹರಿವು ಹೆಚ್ಚಿದ ಸುದ್ದಿ ಬಂದ ದಿನವೇ, ಬೆಳಕಿರುವಾಗಲೇ ಗಾಡಿಯನ್ನು ಎತ್ತರದ ನೆಂಟರ ಮನೆಗೆ ಒಯ್ಯಿರಿ. ಹಿರಿಯೂರಿನ ಕಡೆಯವರು ಹೀಗೆಯೇ ಗಮನಿಸಬೇಕಾದ್ದು ವಾಣಿವಿಲಾಸ ಸಾಗರ ಜಲಾಶಯದ 130 ಅಡಿ ಗುರುತನ್ನು. 1933ರ ಬಳಿಕ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಿತು.

ಹರಿಯುವ ನೀರು ಒಂದು ಅಡಿ ಇದ್ದರೆ ಚಿಕ್ಕ ಕಾರು ತೇಲೀತು, ಎರಡು ಅಡಿಗೆ ವ್ಯಾನೂ ನಿಲ್ಲದು. ರೈಲ್ವೆ ಕೆಳಸೇತುವೆಯಲ್ಲಿ ನಿಂತ ನೀರಿಗೆ ಇಳಿಸಲೇಬೇಡಿ. ನೀರಲ್ಲಿ ಇಂಜಿನ್ ಆರಿದರೆ ಮತ್ತೆ ಕೀಲಿ ತಿರುಗಿಸಬೇಡಿ: ಸಿಲಿಂಡರಿಗೆ ಹೊಕ್ಕ ನೀರು ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜನ ಇಳಿದು ಎತ್ತರಕ್ಕೆ ಹೋಗಲಿ, ಗಾಡಿಯನ್ನು ಆಮೇಲೆ ಎಳೆಸಿದರಾಯಿತು.

ಬಾಗಿಲ ಒಳಬದಿಗೆ ಈ ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಅಂಟಿಸಿ: ತುರ್ತಿಗೆ 112, ಆಂಬುಲೆನ್ಸ್ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ಕರೆಂಟಿಗೆ ಬೆಸ್ಕಾಂ 1912, ರಾಷ್ಟ್ರೀಯ ಹೆದ್ದಾರಿ 1033. ಹೆದ್ದಾರಿ 48ರಲ್ಲಿ ನಿಂತು ಕರೆ ಮಾಡುವಾಗ ಊರಿನ ಹೆಸರಿಗಿಂತ ಮೊದಲು ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ; ನೀವಿರುವುದು ಬೆಂಗಳೂರಿಗೆ ಹೋಗುವ ಬದಿಯಲ್ಲೋ ಹುಬ್ಬಳ್ಳಿಗೆ ಹೋಗುವ ಬದಿಯಲ್ಲೋ ಎಂಬುದನ್ನೂ ತಿಳಿಸಿ.