ಹಳ್ಳಿಗೂ ಹಲ್ಲಿಗೂ ನಡುವೆ: ಅಭ್ಯರ್ಥಿನಿಯರಿಗೆ ಕನ್ನಡ ಕಲಿಸಿದ ನನ್ನ ಅನುಭವ

1870ರಲ್ಲಿ ಫ್ರಾನ್ಸಿನ ಬಯೋನ್‌ನಿಂದ ಬಂದ ಅಪೋಸ್ತಲಿಕ ಕಾರ್ಮೆಲ್‌ನ ಧರ್ಮಭಗಿನಿಯರೂ, 1921ರ ಜುಲೈ 16ರಂದು ಮಂಗಳೂರಿನ ಬೆಂದೂರಿನಲ್ಲೇ ಹುಟ್ಟಿದ ಬೆಥನಿ ಸಭೆಯವರೂ (ಸಭೆಯೆಂದರೆ ಧರ್ಮಭಗಿನಿಯರ ಸಂಘ) ಬೇರೂರಿದ್ದು ಶಾಲೆಗಳ ಮೂಲಕ. ನಾನು ಬೇರೊಂದು ಸಭೆಯವಳಾದರೂ ನಮ್ಮ ಕಥೆಯೂ ಅದೇ. ನಾನು ಸೇರಿದ ಕಾಲದಲ್ಲಿ ಸುತ್ತಲಿನ ಚರ್ಚುಗಳಿಂದಲೇ ಹುಡುಗಿಯರು ಬರುತ್ತಿದ್ದರು. ಈಗ ನಮ್ಮ ಸಂಖ್ಯೆ ಹೆಚ್ಚುತ್ತಿರುವುದು ಝಾರ್ಖಂಡ್, ಒಡಿಶಾಗಳಿಂದ ಬರುವವರಿಂದ. ಸಾದ್ರಿ, ಕುಡುಖ್ ಮಾತನಾಡುವ ಈ ಅಭ್ಯರ್ಥಿನಿಯರನ್ನು, ಅಂದರೆ ಧರ್ಮಭಗಿನಿಯರಾಗಲು ಬಂದ ಹುಡುಗಿಯರನ್ನು, ಕನ್ನಡ ಶಾಲೆಯ ಕರಿಹಲಗೆಯ ಮುಂದೆ ನಿಲ್ಲಿಸುವ ಹೊಣೆ ನನ್ನ ಪಾಲಿಗೆ ಬಂತು.

ಮೊದಲ ವರ್ಷ ವ್ಯಾಕರಣದಿಂದ ಆರಂಭಿಸಿ ಸೋತೆ. ವಿಭಕ್ತಿಗಳನ್ನು ಒಪ್ಪಿಸುತ್ತಿದ್ದವರಿಗೆ ಅಂಗಡಿಯಲ್ಲಿ ಕಾಲು ಕಿಲೋ ಈರುಳ್ಳಿ ಕೇಳಲು ಬರುತ್ತಿರಲಿಲ್ಲ. ಮರುವರ್ಷ ಅವರನ್ನು ಒಂದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ, ಸ್ಲೇಟು ಕೊಟ್ಟು, ಮಕ್ಕಳ ಜೊತೆಗೇ ಕೂರಿಸಿದೆ. ಒಬ್ಬಳು ಎದ್ದು ನಿಂತು, ‘ನಮ್ಮ ಹಲ್ಲಿಯಲ್ಲಿ ನೂರು ಮನೆಗಳಿವೆ’ ಎಂದಾಗ ತರಗತಿಯೆಲ್ಲ ನಕ್ಕಿತು. ಮುಂದಿನ ಸಾಲಿನ ಹುಡುಗನೊಬ್ಬ ಗೋಡೆಯ ಮೇಲಿದ್ದ ಹಲ್ಲಿಯನ್ನು ತೋರಿಸಿ, ನಾಲಿಗೆಯನ್ನು ಹೇಗೆ ಮೇಲಕ್ಕೆ ಮಡಚಬೇಕೆಂದು ಬಾಯಿ ತೆರೆದು ಕಲಿಸಿದ. ನಾನು ತಿಂಗಳುಗಟ್ಟಲೆ ತಿದ್ದಿಯೂ ಬಾರದ ಳಕಾರ ಅವಳಿಗೆ ಅಂದು ಒಲಿಯಿತು.

ಈ ವಿಧಾನಕ್ಕೂ ಒಂದು ದೋಷವಿತ್ತು, ಅದನ್ನು ನಾನು ಮೊದಲೇ ಊಹಿಸಬೇಕಿತ್ತು. ಮಕ್ಕಳಿಂದ ಕಲಿತ ಕನ್ನಡದಲ್ಲಿ ಬಹುವಚನವಿರಲಿಲ್ಲ. ಪೋಷಕರ ಸಭೆಗೆ ಬಂದ ಹಿರಿಯರೊಬ್ಬರಿಗೆ ನಮ್ಮವಳೊಬ್ಬಳು ಅಕ್ಕರೆಯಿಂದಲೇ, ‘ನೀನು ಇಲ್ಲಿ ಕೂತ್ಕೋ’ ಎಂದುಬಿಟ್ಟಳು. ಅವರು ಕೂರಲಿಲ್ಲ. ಸಂಜೆ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಅಭ್ಯರ್ಥಿನಿಯರನ್ನು ವಾರಕ್ಕೊಮ್ಮೆ ಅಡುಗೆಯ ಅಕ್ಕನ ಜೊತೆ ಸಂತೆಗೆ ಕಳುಹಿಸತೊಡಗಿದೆ. ‘ಬನ್ನಿ’, ‘ಕೊಡಿ’, ‘ಎಷ್ಟಾಯಿತು?’ ಎಲ್ಲವೂ ಅಲ್ಲಿ ತಾನಾಗಿ ಬಂದವು. (ಮನೆಯಲ್ಲಿ ತುಳು, ಕೊಂಕಣಿ ಆಡುವ ನಮ್ಮ ಕರಾವಳಿಯ ಕನ್ನಡವೂ ಪುಸ್ತಕದ್ದೇ ಆದ್ದರಿಂದ ಇಲ್ಲಿ ಇವರು ಅಷ್ಟಾಗಿ ಬೇರೆಯೆನಿಸುವುದಿಲ್ಲ, ರಾಯಚೂರಿಗೆ ಹೋದವಳು ಮಾತ್ರ ಮತ್ತೊಮ್ಮೆ ಮೊದಲಿನಿಂದ ಕಲಿತಳು.)

ಇನ್ನೊಂದು ತೊಡಕು ನೊವಿಷಿಯೇಟಿನದು, ಅಂದರೆ ಅಭ್ಯರ್ಥಿನಿಯರು ವ್ರತಕ್ಕೆ ಮುಂಚೆ ನೊವಿಸ್‌ಗಳಾಗಿ ತರಬೇತಿ ಪಡೆಯುವ ಮನೆಯದು. ಕಥೋಲಿಕ ಧರ್ಮಸಭೆಯ ಕಾನೂನಿನಂತೆ ಕನಿಷ್ಠ 12 ತಿಂಗಳನ್ನು ನೊವಿಸ್‌ಗಳು ಆ ಮನೆಯಲ್ಲೇ, ಪ್ರಾರ್ಥನೆ ಮತ್ತು ತರಬೇತಿಯಲ್ಲಿ ಕಳೆಯಬೇಕು. ಶಾಲೆಯ ಒಡನಾಟ ತಪ್ಪುತ್ತದೆ. ಮೊದಲ ತಂಡದವರು ವ್ರತ ತೆಗೆದುಕೊಂಡು ಹೊರಬರುವಷ್ಟರಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಮರೆತಿದ್ದರು. ಈಗ ಆ ಮನೆಯಲ್ಲಿ ಊಟದ ಹೊತ್ತಿನ ಓದು ಕನ್ನಡದಲ್ಲೇ ನಡೆಯುತ್ತದೆ, ಓದುವ ಸರದಿ ನೊವಿಸ್‌ಗಳದ್ದು. ಸಾರು ಆರಿದರೂ ತಪ್ಪಿದ ಪದವನ್ನು ಮತ್ತೊಮ್ಮೆ ಓದಿಸದೆ ನಾನು ಮುಂದಕ್ಕೆ ಬಿಡುವುದಿಲ್ಲ.